ಮನೆದೇವರ ಪಾಸ್‌ವರ್ಡು

ನಂಜನಗೂಡಿನ ಮನೆಗಳಿಗೆ ಕಂಪ್ಯೂಟರ್ ಹೊತ್ತವನು ನಾನು, ಅಮೃತೇಶ. ಎರಡು ಸಾವಿರದ ಮೂರು, ನಾಲ್ಕನೇ ಇಸವಿಯ ಮಾತು. ಬಸ್ ಸ್ಟ್ಯಾಂಡಿನ ಹಿಂದುಗಡೆ ನನ್ನ ಅಂಗಡಿ. ಮೈಸೂರಿನಿಂದ ಬಿಡಿಭಾಗ ತಂದು ಜೋಡಿಸುವುದು, ಮನೆಗೆ ಒಯ್ದು ಕೂರಿಸುವುದು, ಹೇಗೆ ನಡೆಸಬೇಕೆಂದು ಹೇಳಿಕೊಡುವುದು, ಆಮೇಲೆ ವಾರಕ್ಕೊಮ್ಮೆ ಹೋಗಿ ಬೈದು ಬರುವುದು, ಇದಿಷ್ಟು ನನ್ನ ಕಸುಬು. ಸ್ವಿಚ್ ಕಿತ್ತು ಆರಿಸಬೇಡಿ ಎಂದರೆ ಕಿತ್ತೇ ಆರಿಸುವರು. ಗುರುತಿಲ್ಲದವರು ಕಳಿಸಿದ ಫೈಲು ತೆರೆಯಬೇಡಿ ಎಂದರೆ, ಪಾಪ ಯಾರೋ ಅಷ್ಟು ದೂರದಿಂದ ಕಳಿಸಿದ್ದಾರೆ, ನೋಡದಿದ್ದರೆ ಬೇಜಾರು ಮಾಡಿಕೊಳ್ಳುವುದಿಲ್ಲವೇ ಎಂದು ನನ್ನನ್ನೇ ಕೇಳುವರು. ಆಯುಧಪೂಜೆ ಮುಗಿದ ವಾರವಂತೂ ನಾನು ಸಿಪಿಯು ಬಿಚ್ಚಿ ಅರಿಸಿನ ಕುಂಕುಮ ಒರೆಸುವುದರಲ್ಲೇ ಕಳೆಯುತ್ತಿದ್ದೆ. ಸಿಟ್ಟು ಬರದೆ ಇನ್ನೇನು ಬಂದೀತು?

ನನ್ನ ಬೈಗುಳವನ್ನು ಎಲೆ ಅಡಿಕೆಯ ಜೊತೆ ಅಗಿದು ಉಗಿದ ಒಬ್ಬಳೇ ಗಿರಾಕಿ ಎಂದರೆ ಜವರಮ್ಮ.

ಹೆಮ್ಮರಗಾಲದ ಹೆಣ್ಣು, ಮದುವೆಯಾಗಿ ನಂಜನಗೂಡಿಗೆ ಬಂದವಳು. ಗಂಡ ಹೋದ ಮೇಲೆ ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಎಲೆ ಅಡಿಕೆ ಚೀಲ, ಬಾಯಲ್ಲಿ ಸುತ್ತಮುತ್ತಲಿನ ಎರಡು ತಾಲ್ಲೂಕಿನ ಸಂಬಂಧಗಳು. ಗಂಡು ಹೆಣ್ಣು ಕೂಡಿಸುವುದು ಆಕೆಯ ಕೆಲಸ. ಯಾವ ಮನೆಗೆ ಯಾವ ಕುಲ, ಯಾವ ಬೆಡಗು, ಯಾವ ಮಠ, ಯಾವ ಮನೆದೇವರು ಎಂಬುದೆಲ್ಲ ಆಕೆಗೆ ಬಾಯಿಪಾಠ. ಜವರಮ್ಮ ಮಾತು ಕೊಟ್ಟಳೆಂದರೆ ಜನ ಛತ್ರ ಗೊತ್ತು ಮಾಡಲು ಹೊರಡುತ್ತಿದ್ದರು. ಅರವತ್ತು ದಾಟಿದ ಆಕೆಗೆ ಕಂಪ್ಯೂಟರ್ ಯಾಕೆ ಬೇಕಾಯಿತೆಂದರೆ, ಗಂಡಿನ ಕಡೆಯವರು ಬಯೋಡೇಟಾನೂ ಫೋಟೋನೂ ಮೇಲ್ ಮಾಡುತ್ತೇವೆ ಎನ್ನಲು ಶುರುಮಾಡಿದ್ದರು. ಮೇಲ್ ಇಲ್ಲದ ದಲ್ಲಾಳಿಯ ಮನೆ ಬಾಗಿಲಿಗೆ ಯಾರು ಬರುತ್ತಾರೆ? ಏಳನೇ ಕ್ಲಾಸಿನವರೆಗೆ ಓದಿದ್ದಳು, ಇಂಗ್ಲಿಷ್ ಅಕ್ಷರ ಗೊತ್ತಿತ್ತು. ಒಂದು ಬೆರಳಲ್ಲಿ ಒತ್ತಿ ಒತ್ತಿ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ನನ್ನ ಕಾಲೇಜು ಹುಡುಗರಿಗಿಂತ ಬೇಗ ಕಲಿತಳು.

ಪಾಸ್‌ವರ್ಡು ಏನಿಡಲಿ ಎಂದು ಯಾರು ಕೇಳಿದರೂ ನನ್ನದು ಒಂದೇ ಪಾಠ. ಹೆಸರು ಬೇಡ, ಊರು ಬೇಡ, ಯಾರಿಗೂ ಹೊಳೆಯದ್ದನ್ನು ಇಡಿ, ನಡುವೆ ಅಂಕಿ ಸೇರಿಸಿ, ಹೆಂಡತಿಗೂ ಹೇಳಬೇಡಿ. ಜನ ಹೂಂಗುಟ್ಟಿ, ನನ್ನನ್ನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ, ಮನೆದೇವರ ಹೆಸರನ್ನೇ ಒತ್ತುತ್ತಿದ್ದರು. ಅವರ ನ್ಯಾಯ ಅವರದು. ಅಂಗಡಿ ಚೀಟಿಯ ಮೇಲೂ ಮೊದಲು ಶ್ರೀ ಬರೆಯುತ್ತೇವೆ. ಲಗ್ನಪತ್ರಿಕೆಯ ನೆತ್ತಿಯ ಮೇಲೆ ಮನೆದೇವರನ್ನು ಕೂರಿಸುತ್ತೇವೆ. ಹೊಸ ಪೆನ್ನು ಕೊಂಡರೂ ಮೊದಲು ಗೀಚುವುದು ದೇವರ ಹೆಸರನ್ನೇ. ಇನ್ನು ಇಷ್ಟು ದೊಡ್ಡ ಯಂತ್ರದಲ್ಲಿ ಮೊದಲು ಒತ್ತುವುದು ಬೇರೆ ಏನನ್ನು? ಜೊತೆಗೆ ಒತ್ತಿದ್ದೆಲ್ಲ ಚುಕ್ಕೆಯಾಗಿ ಕಾಣುವುದರಿಂದ ದೃಷ್ಟಿಯೂ ತಾಗುವುದಿಲ್ಲವೆಂದು ಒಬ್ಬ ಮೇಷ್ಟ್ರೇ ನನಗೆ ವಿವರಿಸಿದ್ದರು. ಹೀಗಾಗಿ ಊರಿನ ಅರ್ಧ ಮೇಲುಗಳಿಗೆ ನಂಜುಂಡಪ್ಪ ಕಾವಲು, ಮಿಕ್ಕ ಅರ್ಧಕ್ಕೆ ಮಾದಪ್ಪ. ಜವರಮ್ಮನದೂ ಮಾದಪ್ಪನೇ.

ಇದು ಎಂಥ ಅನಾಹುತ ಎಂಬುದು ನನಗೆ ಗೊತ್ತಿತ್ತು. ಎಂಥ ಅನುಕೂಲ ಎಂಬುದು ಜವರಮ್ಮನಿಗೆ ಹೊಳೆಯಿತು.

ಒಂದು ದಿನ ವರನೊಬ್ಬನ ಫೋಟೋ ಬರಲಿಲ್ಲ. ಕಳಿಸಿದ್ದೀನಿ ಎನ್ನುತ್ತಾನೆ ಅವನು, ಇಲ್ಲಿ ನೋಡಿದರೆ ಇಲ್ಲ. ನಿಜವಾಗಿ ಕಳಿಸಿದ್ದಾನೋ ಇಲ್ಲವೋ ನೋಡಿಯೇಬಿಡೋಣವೆಂದು ಜವರಮ್ಮ ಅವನ ಮೇಲ್ ವಿಳಾಸ ಒತ್ತಿ, ಕೆಳಗಿನ ಖಾನೆಯಲ್ಲಿ ಅವರ ಮನೆದೇವರು ಸಿದ್ದಪ್ಪಾಜಿಯನ್ನು ಒತ್ತಿದಳು. ಬಾಗಿಲು ತೆರೆಯಿತು. ಫೋಟೋ ಕಳಿಸಿರಲಿಲ್ಲ ಮಹಾರಾಯ. ಆದರೆ ಒಂದೇ ಪ್ರೇಮಪತ್ರವನ್ನು ಹೆಸರು ಮಾತ್ರ ಬದಲಿಸಿ ಮೂವರು ಹುಡುಗಿಯರಿಗೆ ಕಳಿಸಿದ್ದ. ಜವರಮ್ಮ ಸದ್ದಿಲ್ಲದೆ ಆ ಸಂಬಂಧವನ್ನು ಕೈಬಿಟ್ಟಳು. ಹೆಣ್ಣಿನವರಿಗೆ ಗ್ರಹಗತಿ ಸರಿಯಿಲ್ಲ ಎಂದಳು. ಅಲ್ಲಿಂದಾಚೆಗೆ ಆಕೆ ಕೈಬಿಟ್ಟ ಗಂಡುಗಳೆಲ್ಲ ಒಬ್ಬೊಬ್ಬರಾಗಿ ಎಲ್ಲೆಲ್ಲೋ ಸಿಕ್ಕಿಬಿದ್ದು, ಆಕೆಯ ಬಾಯಲ್ಲಿ ದೇವರೇ ನುಡಿಯುತ್ತಾನೆಂದು ಜನ ಕೈಮುಗಿಯತೊಡಗಿದರು. ದೇವರು ನುಡಿಯುತ್ತಿದ್ದದ್ದು ಬಾಯಲ್ಲಲ್ಲ, ಕೀಬೋರ್ಡಿನಲ್ಲಿ.

ವಿಷಯ ತಿಳಿದ ದಿನ ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ. ಬೇರೆಯವರ ಮೇಲ್ ತೆರೆಯುವುದು ಕಳ್ಳತನ, ಪೊಲೀಸಿನವರು ಬಂದರೆ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ ಎಂದು ಗಂಟಲು ಹರಿದುಕೊಂಡೆ. ಮೊದಲು ನಿಮ್ಮ ಮಾದಪ್ಪನನ್ನು ತೆಗೆದು ಬೇರೆ ಇಡಿ ಎಂದೂ ಹೇಳಿದೆ. ಆಕೆ ಸುಣ್ಣದ ಬೆರಳನ್ನು ಎಲೆಗೆ ಒರೆಸುತ್ತ, ನನ್ನ ಮೇಲಲ್ಲಿ ಏನಿದೆ ಕದಿಯಕ್ಕೆ, ಬರೀ ಊರವರ ಮಕ್ಕಳ ಫೋಟೋ ಎಂದಳು. ತಲೆ ಚಚ್ಚಿಕೊಂಡು ಬಂದೆ.

ಕದಿಯುವುದಕ್ಕೆ ಏನೂ ಇಲ್ಲದಿದ್ದರೂ ಬೇರೆಯವರು ಏನಾದರೂ ಬರೆದು ಕಳಿಸುವುದಕ್ಕೆ ಆಕೆಯ ಹೆಸರಿತ್ತಲ್ಲ. ಅದು ನನಗೂ ಆಗ ತೋಚಲಿಲ್ಲ.

ಜವರಮ್ಮನ ಅಣ್ಣ ಕಲ್ಲಯ್ಯ, ಹೆಮ್ಮರಗಾಲದಲ್ಲಿ ಬೇಸಾಯ. ಅವನ ಮಗಳು ನಯನ ಸೋದರತ್ತೆ ಜವರಮ್ಮನ ಮನೆಯಲ್ಲೇ ಇದ್ದುಕೊಂಡು ಬಿ.ಕಾಂ. ಮುಗಿಸಿ, ಇಂಡಸ್ಟ್ರಿಯಲ್ ಏರಿಯಾದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮಕ್ಕಳಿಲ್ಲದ ಜವರಮ್ಮನಿಗೆ ಈ ಹುಡುಗಿಯೆಂದರೆ ಪಂಚಪ್ರಾಣ. ಊರವರ ಮಕ್ಕಳಿಗೆಲ್ಲ ಹುಡುಕಿದವಳು ನನ್ನ ಮಗುವಿಗೆ ಎಂಥದ್ದು ತರುತ್ತೀನಿ ನೋಡ್ತಿರಿ ಎಂದು ಹೇಳಿಕೊಂಡು ತಿರುಗಿದಳು. ತಂದಳು ಕೂಡ. ಟಿ. ನರಸೀಪುರದ ಅಕ್ಕಿ ಗಿರಣಿ ಚಿಕ್ಕಸ್ವಾಮಿಯವರ ಮಗ ಕಿರಣ್. ಆಳು ಕಾಳು, ಮಹಡಿ ಮನೆ, ಹುಡುಗ ನೋಡಲು ಲಕ್ಷಣ. ಅವನ ಮೇಲನ್ನೂ ತೆರೆದು ನೋಡಿದ್ದಳು ಮುದುಕಿ. ಮೋಟರ್ ಸೈಕಲ್ಲಿನ ಚಿತ್ರ ಬಿಟ್ಟರೆ ಒಂದು ಕೆಟ್ಟ ಅಕ್ಷರ ಇರಲಿಲ್ಲ. ಚಿಕ್ಕಸ್ವಾಮಿಯವರ ನಡುಮನೆಯಲ್ಲಿ ಕೂತು, ಹುಡುಗಿ ನಿಮ್ಮದು ಎಂದು ಜವರಮ್ಮ ಮಾತು ಕೊಟ್ಟಳು. ವೀಳ್ಯಶಾಸ್ತ್ರಕ್ಕೆ ದಿನವೂ ಗೊತ್ತಾಯಿತು.

ಶಾಸ್ತ್ರಕ್ಕೆ ಇನ್ನೇನು ಒಂದು ವಾರ ಇದೆ ಎನ್ನುವಾಗ ಚಿಕ್ಕಸ್ವಾಮಿಯವರ ಮೇಲಿಗೆ ಒಂದು ಕಾಗದ ಬಂತು. ನಮ್ಮ ಕಡೆ ಮದುವೆ ಮುರಿಯಲು ಹೆಸರು ಹಾಕದೆ ಬರೆಯುವ ಕಾಗದಕ್ಕೆ ಮೂಗರ್ಜಿ ಎನ್ನುತ್ತಾರೆ. ಇದೂ ಮೂಗರ್ಜಿಯೇ, ಆದರೆ ಇದಕ್ಕೆ ಹೆಸರಿತ್ತು. ಬಂದದ್ದು ಜವರಮ್ಮನ ವಿಳಾಸದಿಂದ. ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪವಂತೆ. ಮುದ್ದೆ ಕಟ್ಟಲು ಬರುವುದಿಲ್ಲವಂತೆ. ಬಿಸಿಲು ಏರುವ ತನಕ ಏಳುವುದಿಲ್ಲವಂತೆ, ಎದ್ದರೆ ಎದುರು ಮಾತಂತೆ, ಮಲಗಿದರೆ ಪಕ್ಕದ ಮನೆಗೆ ಕೇಳುವಷ್ಟು ಗೊರಕೆಯಂತೆ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಈ ಸಂಬಂಧ ಬಿಟ್ಟುಬಿಡಿ ಎಂದು ಕೊನೆಗೆ.

ಚಿಕ್ಕಸ್ವಾಮಿ ಅದನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡು ಫೋನ್ ಮಾಡಿದರು. ಅವರ ಅನುಮಾನ ನೇರವಾಗಿತ್ತು. ಜವರಮ್ಮನಿಗೆ ಇನ್ನೂ ದೊಡ್ಡ ಕುಳ ಸಿಕ್ಕಿದೆ, ನಮ್ಮನ್ನು ಕಳಚಿಕೊಳ್ಳಲು ಹೀಗೊಂದು ನಾಟಕ. ನಾಳೆ ಬಂದು ಉತ್ತರ ಕೊಡದಿದ್ದರೆ ಇನ್ನು ಈ ತಾಲ್ಲೂಕಿನಲ್ಲಿ ಒಂದು ಮನೆಯ ಬಾಗಿಲೂ ನಿಮಗೆ ತೆರೆಯುವುದಿಲ್ಲ ಎಂದರು. ಜವರಮ್ಮ ನನ್ನ ಅಂಗಡಿಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಹುಡುಗಿಯ ಮದುವೆಯೂ ಹೋಯಿತು, ಆಯುಷ್ಯವೆಲ್ಲ ಕಾಪಾಡಿಕೊಂಡು ಬಂದ ಮಾತೂ ಹೋಯಿತು ಎಂದು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ನಾನು ಹೇಳಲಿಲ್ಲವೇ ಎಂದು ಬೈಯಬೇಕೆಂದು ಬಾಯಿ ತೆರೆದವನು ಆ ಮುಖ ನೋಡಿ ನೀರು ತಂದುಕೊಟ್ಟೆ. ನಿಮ್ಮ ಮಾದಪ್ಪ ಯಾರಿಗೆ ಗೊತ್ತಿಲ್ಲ ಹೇಳಿ, ಯಾರೋ ಒಳಗೆ ಹೊಕ್ಕು ಬರೆದಿದ್ದಾರೆ ಎಂದೆ. ಅಂಥದ್ದೊಂದು ಆಗುತ್ತದೆಂದರೆ ಗಿರಣಿಯವರು ನಂಬುತ್ತಾರೆಯೇ ಎಂದು ಕೇಳಿದಳು. ಕೇಳುತ್ತ ಕೇಳುತ್ತಲೇ ಆಕೆಯ ಕಣ್ಣಿಗೆ ಹಳೆಯ ತುಂಟತನ ವಾಪಸು ಬಂತು. ನಾಳೆ ನೀನೂ ಬಾ ಎಂದಳು.

ನಾವು ಹೋಗುವ ಹೊತ್ತಿಗೆ ನರಸೀಪುರದ ಆ ನಡುಮನೆಯಲ್ಲಿ ಚಿಕ್ಕಸ್ವಾಮಿ, ಮಗ ಕಿರಣ್, ನಾಲ್ಕು ಜನ ನೆಂಟರು ಗಂಟುಮುಖ ಹಾಕಿಕೊಂಡು ಕೂತಿದ್ದರು. ಯಜಮಾನರ ಹೆಂಡತಿ ದೇವೀರಮ್ಮ ಅಡಿಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ಮೂಲೆಯಲ್ಲಿ ಕಂಪ್ಯೂಟರ್, ಅದರ ಮೇಲೆ ಕಸೂತಿ ಹಾಕಿದ ಹೊದಿಕೆ. ಚಿಕ್ಕಸ್ವಾಮಿ ಪ್ರಿಂಟನ್ನು ಮುಂದೆ ಹಿಡಿದು, ಇದು ನಿಮ್ಮ ವಿಳಾಸ ಹೌದೋ ಅಲ್ಲವೋ ಎಂದರು. ಜವರಮ್ಮ ಹೌದು ಎಂದಳು. ಆಮೇಲೆ ಹೊದಿಕೆ ತೆಗೆದು, ಸೆರಗು ಸಿಕ್ಕಿಸಿ ಕುರ್ಚಿಯ ಮೇಲೆ ಕೂತಳು. ಮೋಡೆಮ್ಮು ಕಿರ್ರ್ ಎಂದು ಕಿರುಚಿ ಸುಮ್ಮನಾಯಿತು.

“ಯಜಮಾನ್ರೇ, ನಿಮ್ಮನೆ ದ್ಯಾವ್ರು ಯಾವ್ದು?”

ಗೊತ್ತಿದ್ದೂ ಕೇಳಿದಳು ಮುದುಕಿ. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಚಿಕ್ಕಸ್ವಾಮಿ ಗದರಿದರು. ಮುಡುಕುತೊರೆ ಮಲ್ಲಪ್ಪ ಎಂದು ನೆಂಟರಲ್ಲೊಬ್ಬರು ಹೇಳಿದರು. ಜವರಮ್ಮ ಚಿಕ್ಕಸ್ವಾಮಿಯವರ ವಿಳಾಸ ಒತ್ತಿ, ಕೆಳಗೆ ಮಲ್ಲಪ್ಪ ಎಂದು ಒತ್ತಿದಳು. ಒಪ್ಪಲಿಲ್ಲ. ನನ್ನ ಬೆನ್ನಲ್ಲಿ ಬೆವರು ಇಳಿಯಿತು. ಆಕೆ ಒಂದಿಷ್ಟೂ ಅವಸರ ಪಡದೆ ಮುಡುಕುತೊರೆ ಎಂದು ಒತ್ತಿದಳು. ಬಾಗಿಲು ತೆರೆದೇಬಿಟ್ಟಿತು. ಚಿಕ್ಕಸ್ವಾಮಿ ಬೆಪ್ಪಾಗಿ ನೋಡುತ್ತಿದ್ದರು. ಮುದುಕಿ ಟಕ್ ಟಕ್ ಎಂದು ನಾಲ್ಕು ಸಾಲು ಒತ್ತಿ, ಕಳಿಸಿ, ಎದ್ದು ನಿಂತು, ಈಗ ನಿನ್ನ ಮೇಲು ನೋಡಪ್ಪ ಎಂದು ಕಿರಣನನ್ನು ಕೂರಿಸಿದಳು. ಅವನು ತನ್ನ ಮೇಲು ತೆರೆದು ಗಟ್ಟಿಯಾಗಿ ಓದಿದ. ಮಗನೇ, ನಿನ್ನ ಮದುವೆಯ ಜೊತೆಗೆ ನನಗೂ ಇನ್ನೊಂದು ಮದುವೆ ಮಾಡಿಸು, ನಿಮ್ಮವ್ವನಿಗೆ ಹೇಳಬೇಡ, ಹೆಣ್ಣು ನೋಡಲು ಜವರಮ್ಮನವರಿಗೆ ಹೇಳಿದ್ದೀನಿ, ಇಂತಿ ನಿನ್ನ ಅಪ್ಪ.

ಕಿರಣ್ ಓದುವುದನ್ನು ನಿಲ್ಲಿಸುವ ಹೊತ್ತಿಗೆ ತಡವಾಗಿತ್ತು. ನೆಂಟರು ಗೊಳ್ಳೆಂದು ನಕ್ಕರು. ದೇವೀರಮ್ಮ ಗಂಡನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದಳು. ಇದು ನಾನಲ್ಲ ಕಣೇ, ಆಣೆಗೂ ನಾನಲ್ಲ ಎಂದು ಚಿಕ್ಕಸ್ವಾಮಿ ಎರಡೂ ಕೈ ಆಡಿಸಿದರು.

“ಅದನ್ನೇ ನಾನೂ ಏಳಾಕೆ ಬಂದಿವ್ನಿ ಯಜಮಾನ್ರೇ,” ಎಂದಳು ಜವರಮ್ಮ.

ಅಷ್ಟಕ್ಕೇ ಮೋಡ ಕರಗಿತು. ಚಿಕ್ಕಸ್ವಾಮಿ ಪ್ರಿಂಟನ್ನು ಹರಿದು ಹಾಕಲು ಹೋದರು, ಜವರಮ್ಮ ಇಸಿದುಕೊಂಡು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಕೋಡುಬಳೆ, ಕಾಫಿ ಬಂತು. ಶಾಸ್ತ್ರ ಗೊತ್ತಾದ ದಿನವೇ ಆಗಲಿ ಎಂದರು. ನಾನು ಅಲ್ಲಿದ್ದವರಿಗೆಲ್ಲ ಪಾಸ್‌ವರ್ಡಿನ ಪಾಠ ಒಪ್ಪಿಸಿದೆ, ಜೀವಮಾನದಲ್ಲಿ ಮೊದಲ ಬಾರಿಗೆ ಜನ ಬಾಯಿ ಮುಚ್ಚಿಕೊಂಡು ಕೇಳಿದರು. ಗೆದ್ದು ಬಂದ ಸಂತೋಷದಲ್ಲಿ ಬಸ್ಸಿನಲ್ಲಿ ನನ್ನ ಬಾಯಿ ನಿಲ್ಲಲೇ ಇಲ್ಲ. ಪಕ್ಕದಲ್ಲಿ ಜವರಮ್ಮ ಮಾತ್ರ ಎಲೆ ಅಡಿಕೆಯನ್ನೂ ಹಾಕದೆ ಕೂತಿದ್ದಳು. ಬಸ್ಸಿನ ಕುಲುಕಾಟದಲ್ಲಿ ನನಗೆ ಅಕ್ಷರ ಕಾಣುವುದಿಲ್ಲ, ಆ ಕಾಗದ ಇನ್ನೊಂದು ಸಲ ಓದು ಎಂದಳು. ಓದಿದೆ. ಕೋಪ, ಮುದ್ದೆ, ನಿದ್ದೆ, ಗೊರಕೆ.

“ಇಷ್ಟು ವರ್ಸ ಎಂಥೆಂಥ ಮೂಗರ್ಜಿ ನೋಡಿವ್ನಿ ಕಣ್ಲಾ ಅಮೃತೇಸ. ಎಣ್ಣಿನ ಮದ್ವೆ ಮುರಿಯೋನು ಅವಳ ನಡತೆ ಮ್ಯಾಲೆ ಬರೀತಾನೆ. ಗೊರಕೆ ಮ್ಯಾಲೆ ಬರೆಯೋನು ಯಾವನ್ಲಾ?”

ನನಗೆ ಮಾತಿನ ತಲೆ ಬುಡ ಹತ್ತಲಿಲ್ಲ. ಆಕೆಯೇ ಬಿಡಿಸಿ ಹೇಳಿದಳು. ಬರೆದವರು ಯಾರೇ ಆಗಲಿ, ಮದುವೆ ಮುರಿಯಬೇಕು ಆದರೆ ಹುಡುಗಿಯ ಹೆಸರಿಗೆ ಮಸಿ ಅಂಟಬಾರದು ಎಂದು ಅಳೆದು ತೂಗಿ ಬರೆದಿದ್ದಾರೆ. ವೈರಿಗೆ ಅಷ್ಟು ಕಾಳಜಿ ಎಲ್ಲಿಂದ ಬರಬೇಕು?

ಮನೆಗೆ ಹೋದಾಗ ನಯನ ಆಗತಾನೆ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ಜವರಮ್ಮ ಸುತ್ತಿ ಬಳಸಲಿಲ್ಲ, ಕಾಗದವನ್ನು ಮುಂದೆ ಹಿಡಿದು ನೀನೇನಾ ಎಂದಳು. ಹುಡುಗಿ ಸೆರಗಿಗೆ ಕೈ ಒರೆಸಿಕೊಂಡು ನಾನೇ ಎಂದಳು. ನನ್ನ ಮುಂದೆ ಹೇಳುವುದಕ್ಕೆ ಬಾಯಿರಲಿಲ್ಲವೇ, ನನ್ನ ಹೆಸರಿನಲ್ಲೇ ಬರೆದೆಯಲ್ಲ, ನನ್ನ ಮಾನ ಏನಾಯಿತು ಎಂದು ಜವರಮ್ಮ ಮನೆ ಹಾರಿಹೋಗುವ ಹಾಗೆ ಕೂಗಾಡಿದಳು. ನಾನು ಎದ್ದು ಹೋಗಲೂ ಆಗದೆ ಕೂರಲೂ ಆಗದೆ ಕಂಬ ಹಿಡಿದು ನಿಂತೆ. ನಯನ ಕೂಗು ನಿಲ್ಲುವವರೆಗೆ ಕಾದಳು.

“ಹೇಳಿದ್ದೆ ಅತ್ತೆ. ಅವರು ನೋಡ್ಕೊಂಡು ಹೋದ ದಿನವೇ ಹೇಳ್ದೆ, ಆಮೇಲೆ ಇನ್ನೊಂದು ಸಲ ಹೇಳ್ದೆ. ಹೆಣ್ಣುಮಕ್ಕಳು ಮೊದಲು ಹಂಗೇ ಅನ್ನೋದು, ನಾಚ್ಕೊತಾವ್ಳೆ ಅಂತ ನೀನೇ ನಕ್ಬುಟ್ಟೆ. ನಾನು ಹೇಳಿದ್ರೆ ಯಾರು ಕೇಳ್ತಾರೆ? ನೀನು ಹೇಳಿದ್ರೆ ಎಲ್ಲರೂ ಕೇಳ್ತಾರೆ. ಅದಕ್ಕೇ ನಿನ್ನ ಹೆಸರಲ್ಲಿ ಬರೆದೆ.”

ಜವರಮ್ಮ ಹೊಸಿಲ ಮೇಲೆ ಕೂತಳು. ಬೇರೆ ಯಾರನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯಾ ಎಂದು ಕೇಳುತ್ತಾಳೆಂದು ನಾನು ಕಾಯುತ್ತಿದ್ದೆ. ಕೇಳಲಿಲ್ಲ. ಹುಡುಗಿ ಅಳುತ್ತಲೂ ಇರಲಿಲ್ಲ. ಒಲ್ಲೆ ಅಂದಮೇಲೆ ಒಲ್ಲೆ, ಬಿಡು ಎಂದಳು ಮುದುಕಿ. ಆಕೆಯ ದನಿ ಸಣ್ಣದಾಗಿತ್ತು.

ಗೆದ್ದ ಮದುವೆಯನ್ನು ಈಗ ಸೋಲಬೇಕು. ಎದುರು ನಿಂತು ಹೇಳಲು ಧೈರ್ಯವಿಲ್ಲ, ಮೇಲಲ್ಲಿ ಬರೆಯುತ್ತೇನೆ ಎಂದಳು ಜವರಮ್ಮ. ಮೊದಲು ನಾನು ಮಾದಪ್ಪನನ್ನು ಕಾವಲು ಕೆಲಸದಿಂದ ಬಿಡಿಸಿ, ಅಂಕಿ ಅಕ್ಷರ ಕಲಸಿದ ಹೊಸ ಪಾಸ್‌ವರ್ಡು ಹಾಕಿಸಿದೆ. ಇನ್ನು ಬ್ರಹ್ಮ ಬಂದರೂ ತೆರೆಯಲಾರ ಎಂದೆ. ಆಕೆ ಬಾಯಲ್ಲಿ ಹೇಳಿಕೊಳ್ಳುತ್ತ ಒಂದೊಂದೇ ಅಕ್ಷರ ಒತ್ತಿದಳು. ಹುಡುಗಿಗೆ ಇಷ್ಟವಿಲ್ಲ, ಕೊಟ್ಟ ಮಾತು ವಾಪಸು ತೆಗೆದುಕೊಳ್ಳುತ್ತಿದ್ದೇನೆ, ತಪ್ಪು ನನ್ನದು, ಕ್ಷಮಿಸಿ. ಕಳಿಸಿ ಕೈ ಮುಗಿದಳು.

ಮಾರನೆಯ ಬೆಳಿಗ್ಗೆ ಫೋನ್ ಬಂತು. ಉತ್ತರ ಬಂತೇ ಎಂದು ನೋಡಲು ಹೋಗಿದ್ದ ನಾನೂ ಜವರಮ್ಮನ ಮನೆಯಲ್ಲೇ ಇದ್ದೆ. ಚಿಕ್ಕಸ್ವಾಮಿಯವರ ದನಿ ರಿಸೀವರಿನಿಂದ ಆಚೆಗೂ ಕೇಳುತ್ತಿತ್ತು, ಭಾರಿ ಹುರುಪಿನಲ್ಲಿದ್ದರು. ಆ ಕಳ್ಳ ನಿನ್ನೆ ರಾತ್ರಿ ಮತ್ತೆ ನಿಮ್ಮ ಮೇಲಿಗೆ ನುಗ್ಗಿದ್ದಾನೆ ತಾಯಿ, ಈ ಸಲ ನಾನೇನು ಮೋಸ ಹೋಗಲಿಲ್ಲ, ಓದಿ ನಕ್ಕು ಅಳಿಸಿ ಹಾಕಿದೆ. ಮನೆದೇವರ ಹೆಸರು ಇಡಬೇಡಿ, ನಡುವೆ ಅಂಕಿ ಸೇರಿಸಿ, ಯಾರಿಗೂ ಹೇಳಬೇಡಿ ಎಂದು ನನ್ನ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿ ಫೋನ್ ಇಟ್ಟುಬಿಟ್ಟರು. ಊರಿಗೆಲ್ಲ ಹೇಳಿ ಹೇಳಿ ಯಾರೂ ಕೇಳದಿದ್ದ ಪಾಠವನ್ನು, ಕೇಳಬಾರದ ಹೊತ್ತಿನಲ್ಲಿ ಕೇಳಿದ ಪುಣ್ಯಾತ್ಮ ಅವರೊಬ್ಬರೇ. ನನಗೆ ನಗು ತಡೆಯಲಾಗಲಿಲ್ಲ. ಜವರಮ್ಮನೂ ನಕ್ಕಳು, ನಕ್ಕು ಕಣ್ಣು ಒರೆಸಿಕೊಂಡಳು. ತಿರುಗಿ ಫೋನ್ ಮಾಡಿ ಹೇಳಿಬಿಡಿ ಎಂದೆ. ಮಾತು ಕೊಟ್ಟದ್ದು ಅವರ ನಡುಮನೆಯಲ್ಲಿ, ಮುರಿಯುವುದೂ ಅಲ್ಲೇ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಸೀರೆ ಬದಲಿಸಲು ಹೋದಳು.

ನರಸೀಪುರದಲ್ಲಿ ನಮ್ಮನ್ನು ನೋಡುತ್ತಲೇ ಚಿಕ್ಕಸ್ವಾಮಿ ಮೇಲಿಗೆ ನುಗ್ಗಿದ ಕಳ್ಳನ ಬಗ್ಗೆ ಮತ್ತೆ ಶುರುಮಾಡಿದರು. ಜವರಮ್ಮ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಿನ್ನೆ ಬರ್ದಿದ್ದು ನಾನೇ ಯಜಮಾನ್ರೇ. ಈಗ ಬಾಯಲ್ಲೇ ಏಳ್ತಾ ಇವ್ನಿ. ನಮ್ಮ ಉಡ್ಗಿಗೆ ಇಷ್ಟ ಇಲ್ಲ.”

ಹುಡುಗನಲ್ಲಿ ಏನು ಕೊರತೆ ಎಂದು ಚಿಕ್ಕಸ್ವಾಮಿ ಕೇಳಿದರು. ಯಾವ ಕೊರತೆಯೂ ಇಲ್ಲ, ಕಾರಣ ನಾನು ಕೇಳಲಿಲ್ಲ, ಅವಳು ಒಲ್ಲೆ ಅಂದಳು ಅಷ್ಟೇ ಎಂದಳು ಜವರಮ್ಮ. ಚಿಕ್ಕಸ್ವಾಮಿಯವರ ಮುಖ ಕೆಂಪಾಯಿತು. ಹುಡುಗಿ ಒಲ್ಲೆ ಎಂದಳೆಂದು ಯಾವ ಮನೆಯವರು ಕೊಟ್ಟ ಮಾತು ಮುರಿಯುತ್ತಾರೆ, ನಾಳೆಯಿಂದ ನಿಮ್ಮ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಎಂದರು. ಗೊತ್ತು ಎಂದಳು ಆಕೆ. ಜಗಳಕ್ಕೆ ಬಂದವರು ಸಿಕ್ಕಿದ್ದರೆ ಅವರೂ ಜಗಳವಾಡುತ್ತಿದ್ದರೋ ಏನೋ, ಈ ಮುದುಕಿ ತಲೆ ಬಗ್ಗಿಸಿ ನಿಂತದ್ದನ್ನು ನೋಡಲಾರದೆ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾವು ಚಪ್ಪಲಿ ಮೆಟ್ಟುತ್ತಿದ್ದಾಗ ದೇವೀರಮ್ಮ ಜಗುಲಿಗೆ ಬಂದು ಜವರಮ್ಮನ ಕೈಗೆ ಮಜ್ಜಿಗೆ ಲೋಟ ಕೊಟ್ಟಳು.

“ನನ್ನ ಈ ಮನೆಗೆ ತಂದೋರೂ ನೀವೇ ಜವರಮ್ಮೋರೆ,” ಎಂದಳು. “ಅವತ್ತು ನನ್ನ ಯಾರೂ ಕೇಳ್ನಿಲ್ಲ.”

ಜವರಮ್ಮ ಮಜ್ಜಿಗೆಯನ್ನು ಗಟಗಟ ಕುಡಿದಳು. ಲೋಟ ವಾಪಸು ಕೊಡುತ್ತ ಕೇಳಿದಳು.

“ಕೇಳಿದ್ರೆ ಏನ್ ಏಳ್ತಿದ್ದೆ ತಾಯಿ?”

ದೇವೀರಮ್ಮ ಮುಚ್ಚಿದ ಕೋಣೆಯ ಕಡೆ ಒಂದು ಸಲ ತಿರುಗಿ ನೋಡಿದಳು.

“ಒಲ್ಲೆ ಅಂತಿದ್ದೆ,” ಎಂದು ನಕ್ಕು, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.